ಟೇಕ್ವಾಂಡೋ ತರಗತಿಯ ಜಮಾ-ಖರ್ಚು

ಜೈನರ ಮನೆಯ ಮಕ್ಕಳು ಒದೆಯುವ, ಗುದ್ದುವ ವಿದ್ಯೆಯನ್ನು ಕಲಿಯಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಸಮಾಜದ ಕೆಲವು ಹಿರಿಯರು ಆಗಾಗ ನನ್ನ ಮುಂದೆ ಇಡುವುದುಂಟು. ನನ್ನ ಮೊಮ್ಮಗಳು ಮಂಡ್ಯದಲ್ಲಿ ಟೇಕ್ವಾಂಡೋ ಎಂಬ ಕೊರಿಯಾ ದೇಶದ ಸಮರಕಲೆಯನ್ನು ಆರು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವುದೇ ಈ ಪ್ರಶ್ನೆಗೆ ಕಾರಣ. ನನ್ನ ಉತ್ತರ ಬಹಳ ಸಂಕ್ಷಿಪ್ತವಾದುದು. ನಮ್ಮ ಆಚಾರ್ಯರು ಗೃಹಸ್ಥನಿಂದ ಆಗುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಶ್ರಾವಕನು ಸರ್ವಥಾ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆತ್ಮರಕ್ಷಣೆಗೆಂದು ಕೈಯೆತ್ತುವುದನ್ನು ಯಾರೂ ಆ ಸಾಲಿಗೆ ಸೇರಿಸಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ದಂಡನಾಯಕನೂ ಆಗಿದ್ದನೆಂಬುದನ್ನು ನಾವು ಮರೆಯಲಾಗದು. ಇನ್ನು ಆ ಗೊಮ್ಮಟನ ಕಥೆಯೇ ಒಂದು ನಿಯಮಬದ್ಧ ಸ್ಪರ್ಧೆಯ ಕಥೆಯಲ್ಲವೇ? ಎರಡು ಸೈನ್ಯಗಳು ವೃಥಾ ನಾಶವಾಗಬಾರದೆಂದು ಮಂತ್ರಿಗಳು ವಿವೇಚಿಸಿ, ಭರತ ಬಾಹುಬಲಿಗಳಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೆಣಸಲೆಂದು ತೀರ್ಮಾನಿಸಿದರು. ಪಂಪನ ಆದಿಪುರಾಣವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಯಮವನ್ನು ಮುರಿದು ಚಕ್ರವನ್ನು ಪ್ರಯೋಗಿಸಿದವನು ಭರತ. ಸಂಕಟ ಹುಟ್ಟಿದ್ದು ಅಲ್ಲಿಂದ. ನಮ್ಮ ಮಂಡ್ಯದ ಮಕ್ಕಳು ಎದೆಗವಚ, ಶಿರಸ್ತ್ರಾಣಗಳನ್ನು ಧರಿಸಿ, ಸೊಂಟದ ಕೆಳಗೆ ಹೊಡೆಯಬಾರದೆಂಬ ಕಟ್ಟಳೆಗೆ ಒಳಪಟ್ಟು, ಆರಂಭದಲ್ಲಿಯೂ ಅಂತ್ಯದಲ್ಲಿಯೂ ಎದುರಾಳಿಗೆ ನಮಸ್ಕರಿಸಿ ಆಡುವ ಆಟದಲ್ಲಿ ಅಹಿಂಸೆಗೆ ಭಂಗ ಬಂದಿತೆಂದು ನನಗೆ ತೋರಿಲ್ಲ.

ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆಯದು. ಅದು ಪ್ರಥಮ ವ್ರತಕ್ಕಿಂತ ತೃತೀಯ ವ್ರತಕ್ಕೆ, ಅಂದರೆ ಅಚೌರ್ಯಕ್ಕೆ, ಸಂಬಂಧಿಸಿದ್ದು. ನಲವತ್ತು ವರ್ಷ ಪಾತ್ರೆಯ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಯಾವ ವಿದ್ಯೆಯನ್ನು ತೋರಿಸಿದರೂ ಕಣ್ಣು ಮೊದಲು ಹೋಗುವುದು ಜಮಾ-ಖರ್ಚಿನ ಕಡೆಗೆ. ಇದು ನನ್ನ ವೃತ್ತಿಯ ದೋಷವೋ ಗುಣವೋ ವಾಚಕರೇ ನಿರ್ಣಯಿಸಲಿ.

ಮೊದಲು ಈ ತರಗತಿಯಲ್ಲಿ ಏನು ನಡೆಯುತ್ತದೆಂಬುದನ್ನು ಹೇಳಬೇಕು. ಮಂಡ್ಯದಲ್ಲಿ ವಾರಕ್ಕೆ ಮೂರು ದಿನ, ಮದ್ದೂರಿನಲ್ಲಿ ಎರಡು ದಿನ, ಮಳವಳ್ಳಿಯಲ್ಲಿ ಮೂರು ದಿನ ಒಬ್ಬನೇ ಶಿಕ್ಷಕನು ಬಸ್ಸಿನಲ್ಲಿ ಓಡಾಡುತ್ತ ತರಗತಿ ನಡೆಸುತ್ತಾನೆ. ಮಕ್ಕಳು ಅವನನ್ನು ಮಾಸ್ಟರ್ ಎನ್ನುತ್ತಾರೆ. ಕಬ್ಬಿನ ಗದ್ದೆಯ ಮಕ್ಕಳು, ರೇಷ್ಮೆ ಹುಳು ಸಾಕುವವರ ಮಕ್ಕಳು, ಬ್ಯಾಂಕಿನವರ ಮಕ್ಕಳು, ದರ್ಜಿಯ ಮಕ್ಕಳು ಎಲ್ಲರೂ ಒಂದೇ ಬಿಳಿಯ ಉಡುಪಿನಲ್ಲಿ ಸಾಲಾಗಿ ನಿಂತು ಹಾನಾ, ದುಲ್, ಸೆತ್, ನೆತ್ ಎಂದು ಕೊರಿಯಾ ಭಾಷೆಯಲ್ಲಿ ಎಣಿಸುವುದನ್ನು ಮಳವಳ್ಳಿಯಲ್ಲಿ ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಅನಂತರ ನಗು ನಿಂತಿತು. ಅಲ್ಲಿ ಯಾವ ಮಗುವಿನ ಜಾತಿಯನ್ನೂ ಹೆಸರಿನಿಂದಲೋ ಸ್ಥಳದಿಂದಲೋ ಗುರುತಿಸುವ ಅವಕಾಶವಿರಲಿಲ್ಲ. ಕಟ್ಟಿಕೊಂಡ ಪಟ್ಟಿಯ ಬಣ್ಣವೊಂದೇ ಗುರುತು. ಸಾಲಿನ ಅರ್ಧದಷ್ಟು ಹೆಣ್ಣುಮಕ್ಕಳು.

ನಮ್ಮ ಸೀಮೆಗೆ ವ್ಯಾಯಾಮದ ಶಾಲೆ ಹೊಸದೇನಲ್ಲ. ಮೈಸೂರು ಸೀಮೆಯ ಊರೂರುಗಳಲ್ಲಿ ಗರಡಿಮನೆಗಳಿದ್ದವು. ಕೆಲವು ಇಂದಿಗೂ ಇವೆ. ಅಲ್ಲಿ ಉಸ್ತಾದನಿಗೆ ತಿಂಗಳ ಶುಲ್ಕವೆಂಬುದಿರಲಿಲ್ಲ. ಊರವರು ಕೊಟ್ಟ ಕಾಳುಕಡ್ಡಿ, ಹಬ್ಬದ ಕಾಣಿಕೆ, ಕುಸ್ತಿಯ ದಿನ ಸಂಗ್ರಹವಾದ ಹಣ ಇವುಗಳಿಂದಲೇ ಗರಡಿಯ ಕೆಂಪು ಮಣ್ಣು ಹದವಾಗಿರುತ್ತಿತ್ತು. ಪೈಲ್ವಾನನು ಗೆದ್ದನೋ ಸೋತನೋ ಎಂಬುದನ್ನು ಕಣ್ಣಾರೆ ಕಂಡ ಜನರೇ ಹೇಳುತ್ತಿದ್ದರು. ಪ್ರಮಾಣಪತ್ರದ ಅವಶ್ಯಕತೆ ಇರಲಿಲ್ಲ. ಈ ಮಾತನ್ನು ಹೇಳಿ ನಿಟ್ಟುಸಿರು ಬಿಡುವ ನನ್ನ ವಯಸ್ಸಿನವರು ಬಹಳ ಮಂದಿ ಇದ್ದಾರೆ. ಆದರೆ ಆ ಗರಡಿಯ ಹೊಸ್ತಿಲನ್ನು ನಮ್ಮ ಅಕ್ಕತಂಗಿಯರು ದಾಟುವಂತಿರಲಿಲ್ಲ. ಎಷ್ಟೋ ಗರಡಿಗಳು ಆಯಾ ಬೀದಿಯ ಜನರಿಗೆ ಮೀಸಲಾಗಿದ್ದವೆಂಬುದೂ ನಿಜ. ಶುಲ್ಕ ಕೊಟ್ಟವರೆಲ್ಲರೂ ಒಳಗೆ ಬರಬಹುದೆಂಬ ವ್ಯವಸ್ಥೆಯಲ್ಲಿ ಒಂದು ಬಗೆಯ ಸಮಾನತೆಯೂ ಇದೆ. ಶುಲ್ಕವನ್ನು ನಿಂದಿಸುವ ಮುನ್ನ ಇದನ್ನು ಒಪ್ಪಿಕೊಳ್ಳುವುದು ನ್ಯಾಯ.

ಈ ಕಲೆಯ ಚರಿತ್ರೆಯನ್ನು ನಾನು ತಕ್ಕಮಟ್ಟಿಗೆ ಓದಿ ತಿಳಿದಿದ್ದೇನೆ. 1945ರಲ್ಲಿ ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಮೇಲೆ ಸೋಲ್ ನಗರದಲ್ಲಿ ಕ್ವಾನ್ ಎಂದು ಕರೆಯುವ ಹಲವು ಸಮರಕಲೆಯ ಶಾಲೆಗಳು ತಲೆಯೆತ್ತಿದವು. ಪ್ರತಿಯೊಂದಕ್ಕೂ ತನ್ನದೇ ಗುರು, ತನ್ನದೇ ಕ್ರಮ, ತನ್ನದೇ ಹೆಮ್ಮೆ. ಟೇಕ್ವಾಂಡೋ ಎಂಬ ಹೆಸರು ಬಂದದ್ದು 1955ರಲ್ಲಿ. ಅದರ ಹಿಂದೆ ಇದ್ದವನು ಚೋಯ್ ಹಾಂಗ್ ಹಿ ಎಂಬ ಸೇನಾಧಿಕಾರಿ. ಅವನು 1966ರಲ್ಲಿ ಅಂತಾರಾಷ್ಟ್ರೀಯ ಟೇಕ್ವಾಂಡೋ ಫೆಡರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಸರಕಾರದೊಡನೆ ವಿರಸ ಬೆಳೆದು 1972ರಲ್ಲಿ ಕೆನಡಾ ದೇಶಕ್ಕೆ ಹೊರಟುಹೋದನು. ಸಂಸ್ಥೆಯೂ ಅವನ ಜೊತೆಯಲ್ಲಿಯೇ ಹೋಯಿತು. ಅದೇ ವರ್ಷ ಸೋಲ್‌ನಲ್ಲಿ ಕುಕ್ಕಿವಾನ್ ಎಂಬ ಕೇಂದ್ರವೂ ಮರುವರ್ಷ, 1973ರಲ್ಲಿ, ವಿಶ್ವ ಟೇಕ್ವಾಂಡೋ ಫೆಡರೇಷನ್ ಎಂಬ ಇನ್ನೊಂದು ಸಂಸ್ಥೆಯೂ ಹುಟ್ಟಿದವು. ಒಲಿಂಪಿಕ್ಸಿನ ದಾರಿ ಎರಡನೆಯದಕ್ಕೆ ತೆರೆಯಿತು: 1988ರಲ್ಲಿ ಸೋಲ್‌ನಲ್ಲಿ, 1992ರಲ್ಲಿ ಬಾರ್ಸಿಲೋನಾದಲ್ಲಿ ಪ್ರದರ್ಶನ ಕ್ರೀಡೆಯಾಗಿ, 2000ದಲ್ಲಿ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಗಿ. ಆ ಸಂಸ್ಥೆ 2017ರಿಂದ ವರ್ಲ್ಡ್ ಟೇಕ್ವಾಂಡೋ ಎಂಬ ಹೆಸರಿನಲ್ಲಿದೆ. ಚೋಯ್ 2002ರಲ್ಲಿ ತೀರಿಕೊಂಡ ಕಾಲಕ್ಕೆ ಅವನ ಸಂಸ್ಥೆಯೂ ಒಡೆದು, ಮೂರು ಸಂಸ್ಥೆಗಳು ಒಂದೇ ಹೆಸರನ್ನು ಇಟ್ಟುಕೊಂಡು ನಿಂತವು. ಅಣ್ಣತಮ್ಮಂದಿರು ಪಾಲಾದಾಗ ಅಂಗಡಿಯ ಹಳೆಯ ಬೋರ್ಡನ್ನು ಯಾರೂ ಬಿಟ್ಟುಕೊಡುವುದಿಲ್ಲವಷ್ಟೆ. ಗಣ, ಗಚ್ಛ, ಪಂಥಗಳೆಂದು ಹಲವು ಬಾರಿ ಪಾಲಾದ ಸಮಾಜದವರಾದ ನಾವು ಇದನ್ನು ಕಂಡು ನಗುವಂತೆಯೂ ಇಲ್ಲ.

ಭಾರತದಲ್ಲಿಯೂ ಸ್ಥಿತಿ ಭಿನ್ನವಾಗಿಲ್ಲ. ಈ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ತಾವೇ ಎನ್ನುವವರ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನು ಏರಿದೆ. ಕೆಳಗೆ ರಾಜ್ಯದಲ್ಲಿ, ಜಿಲ್ಲೆಯಲ್ಲಿ ಒಂದು ಪದ ಹಿಂದೆ ಮುಂದೆ ಮಾಡಿದ ಹೆಸರುಗಳ ಸಂಘಗಳು ಹಲವು. ಸಂಘವನ್ನು ಕಟ್ಟುವುದು ಕಷ್ಟದ ಕೆಲಸವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿ ನಿಯಮಾವಳಿ ಬರೆದು ಸಲ್ಲಿಸಿದರೆ ಸಂಘವು ನೋಂದಣಿಯಾಗುತ್ತದೆ. ಅನಂತರ ಲೆಟರ್‌ಹೆಡ್ಡಿನ ಮೇಲೆ ನೋಂದಣಿ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಅದನ್ನು ಕಂಡ ಪೋಷಕರು ಸರಕಾರವೇ ಈ ಸಂಘದ ಪಟ್ಟಿಗಳಿಗೆ ಮುದ್ರೆ ಒತ್ತಿದೆಯೆಂದು ಭಾವಿಸುತ್ತಾರೆ. ನೋಂದಣಿ ಬೇರೆ, ಮಾನ್ಯತೆ ಬೇರೆ. ಸಂಘವೊಂದು ಅಸ್ತಿತ್ವದಲ್ಲಿದೆ ಎಂಬುದನ್ನು ಮಾತ್ರ ನೋಂದಣಿ ಹೇಳುತ್ತದೆ. ಅದು ಕೊಟ್ಟ ಕಾಗದವನ್ನು ಕಾಲೇಜಿನ ಕಚೇರಿ ಒಪ್ಪಬೇಕೆಂದು ಹೇಳುವುದಿಲ್ಲ. ಈ ಒಂದು ವ್ಯತ್ಯಾಸವನ್ನು ತಿಳಿಯದೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹಣ ಕಳೆದಿದೆ. ಒಕ್ಕೂಟಗಳಿಗೆ ಮಾನ್ಯತೆ ಕೊಡಲು ಒಂದು ಮಂಡಳಿ, ವ್ಯಾಜ್ಯ ತೀರಿಸಲು ಒಂದು ನ್ಯಾಯಮಂಡಳಿ ಎಂಬ ಏರ್ಪಾಡಿನ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಅದರ ಫಲ ಮಳವಳ್ಳಿಯವರೆಗೆ ಬರುವುದು ಯಾವಾಗಲೋ ನೋಡಬೇಕು.

ಈಗ ನಡೆದ ಸಂಗತಿಗೆ ಬರುತ್ತೇನೆ. ಕಳೆದ ವರ್ಷ ನಮ್ಮ ಮಾಸ್ಟರು ತಾನು ಇದ್ದ ಸಂಘವನ್ನು ಬಿಟ್ಟು, ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಸಂಘವನ್ನು ಸೇರಿದನು. ಹೊಸ ಸಂಘದವರು ಹಳೆಯ ಪಟ್ಟಿಗಳು ತಮ್ಮಲ್ಲಿ ನಡೆಯುವುದಿಲ್ಲವೆಂದೂ, ಮಗುವೊಂದಕ್ಕೆ 500 ರೂಪಾಯಿ ವರ್ಗಾವಣೆ ಶುಲ್ಕ ಕೊಟ್ಟರೆ ಅದೇ ಬಣ್ಣವನ್ನು ಉಳಿಸಿಕೊಡುವುದಾಗಿಯೂ ತಿಳಿಸಿದರು. ಮೂರು ಊರುಗಳ ಪೋಷಕರು ಮೂರು ರೀತಿಯಲ್ಲಿ ನಡೆದುಕೊಂಡರು. ಮಂಡ್ಯದವರು ಗೊಣಗುತ್ತ ಹಣ ಕೊಟ್ಟರು. ಮದ್ದೂರಿನಲ್ಲಿ ಅರ್ಧದಷ್ಟು ಮಕ್ಕಳು ಹಳೆಯ ಸಂಘದ ಇನ್ನೊಬ್ಬ ಶಿಕ್ಷಕನ ಕಡೆಗೆ ಹೋದರು. ಒಂದೇ ಶಾಲೆಯ ಬೆಂಚಿನಲ್ಲಿ ಕೂರುವ ಮಕ್ಕಳು ಸಂಜೆಯ ವೇಳೆ ಪರಸ್ಪರ ಮಾತನಾಡದಂತಾಯಿತು. ಮಳವಳ್ಳಿಯವರು ಮಾತ್ರ ಲೆಕ್ಕ ಕೇಳಿದರು. ಕಾರಣ ಅಲ್ಲಿನ ಒಬ್ಬ ಹುಡುಗಿ.

ಆಕೆ ಮಳವಳ್ಳಿಯ ಸಮೀಪದ ಹಳ್ಳಿಯವಳು. ತಂದೆಗೆ ಸ್ವಲ್ಪ ಕಬ್ಬಿನ ಜಮೀನು. ತಾಯಿ ಡೈರಿಗೆ ಹಾಲು ಹಾಕುತ್ತಾಳೆ. ತರಗತಿಯ ಹಣ ಹಾಲಿನ ಬಟವಾಡೆಯಿಂದಲೇ ಬರುತ್ತಿದ್ದುದು. ಆರು ವರ್ಷಗಳ ಅಭ್ಯಾಸದಿಂದ ಕೆಂಪು ಪಟ್ಟಿಯವರೆಗೆ ಬಂದು, ರಾಜ್ಯಮಟ್ಟದ್ದೆಂದು ಹೇಳಲಾದ ಒಂದು ಸ್ಪರ್ಧೆಯಲ್ಲಿ ಪದಕವನ್ನೂ ಗಳಿಸಿದ್ದಳು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಪದವಿಪೂರ್ವ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದ ಸೀಟಿಗೆ ಅರ್ಜಿ ಹಾಕಿದಾಗ, ಪ್ರಮಾಣಪತ್ರವನ್ನು ಕೊಟ್ಟ ಸಂಘವು ಮಾನ್ಯತೆ ಪಡೆದ ಪಟ್ಟಿಯಲ್ಲಿಲ್ಲವೆಂದು ಕಾಗದವನ್ನು ಹಿಂದಿರುಗಿಸಿದರು. ಅದು ಹಳೆಯ ಸಂಘದ ಕಾಗದ. ಹೊಸ ಸಂಘಕ್ಕೆ ಹೋದರೆ 500 ರೂಪಾಯಿ ಕೇಳಿದರು. ಅವರದೂ ಪಟ್ಟಿಯಲ್ಲಿದೆಯೇ ಎಂದು ಆ ತಾಯಿ ಕೇಳಿದ್ದಕ್ಕೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ. ಅಕ್ಷರ ಹೆಚ್ಚು ಬಾರದ ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನು ಓದಿದವರಾದ ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಪೋಷಕರು ನನ್ನನ್ನು ಕರೆದದ್ದು ಲೆಕ್ಕ ನೋಡಲು. ಎಲ್ಲರಿಗೂ ಬಸ್ಸಿನ ಅನುಕೂಲವಿರುವ ಮದ್ದೂರಿನಲ್ಲಿ ಒಂದು ಭಾನುವಾರ ಸೇರಿದೆವು. ಬಂದವರಿಗೆಲ್ಲ ಮದ್ದೂರು ವಡೆ ತರಿಸಿದ್ದರು. ಈರುಳ್ಳಿ ಇರುವುದರಿಂದ ನನಗದು ನಿಷಿದ್ಧ, ಕಾಫಿಯಲ್ಲಿಯೇ ತೃಪ್ತಿಪಟ್ಟೆನು. ಮಾಸ್ಟರು ಯಾವ ಸಂಕೋಚವೂ ಇಲ್ಲದೆ ತನ್ನ ನೋಟ್‌ಪುಸ್ತಕವನ್ನು ನನ್ನ ಮುಂದಿಟ್ಟನು. ಅದು ನನಗೆ ಅವನ ಬಗ್ಗೆ ಹುಟ್ಟಿದ ಮೊದಲ ಗೌರವ.

ಮಳವಳ್ಳಿಯ ತರಗತಿಯ ಲೆಕ್ಕವನ್ನೇ ಹೇಳುತ್ತೇನೆ. ಮಕ್ಕಳು 22. ತಿಂಗಳ ಶುಲ್ಕ 500 ರೂಪಾಯಿ. ನಿಯತವಾಗಿ ಕೊಡುವವರು 13 ಮಂದಿ. ಉಳಿದವರು ಕಬ್ಬಿನ ಹಣ ಬಂದಾಗ, ರೇಷ್ಮೆಗೂಡು ಮಾರಿದಾಗ ಕೊಡುತ್ತಾರೆ, ಕೆಲವೊಮ್ಮೆ ಕೊಡುವುದೇ ಇಲ್ಲ. ಹಾಗೆ ಕೈಗೆ ಬರುವುದು 6,500. ಅದರಲ್ಲಿ ಸಭಾಂಗಣದ ಬಾಡಿಗೆ 2,500, ಬಸ್ಸಿನ ವೆಚ್ಚ 1,500. ಮಿಕ್ಕಿದ್ದು 2,500 ರೂಪಾಯಿ. ತಿಂಗಳಿಗೆ ಹನ್ನೆರಡು ಹದಿಮೂರು ಸಂಜೆ ಬೆವರು ಸುರಿಸಿದ ಮನುಷ್ಯನಿಗೆ ಇಷ್ಟು. ನನ್ನ ಅಂಗಡಿಯಲ್ಲಿ ಪಾತ್ರೆ ಒರೆಸುವ ಹುಡುಗನಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇನೆ.

ಇನ್ನು ಪಟ್ಟಿಯ ಪರೀಕ್ಷೆ. ಹತ್ತನೆಯ ಗುಪ್ ಎಂಬ ಬಿಳಿಯ ಪಟ್ಟಿಯಿಂದ ಆರಂಭಿಸಿ ಹಳದಿ, ಹಸಿರು, ನೀಲಿ, ಕೆಂಪು ಬಣ್ಣಗಳ ಮೂಲಕ ಮೊದಲನೆಯ ಗುಪ್ ತಲುಪಲು ಒಂಬತ್ತು ಪರೀಕ್ಷೆಗಳು; ಅದರ ಮೇಲೆ ಕರಿಯ ಪಟ್ಟಿ. ಮೂರು ತಿಂಗಳಿಗೊಮ್ಮೆ ನಡೆಯುವ ಪರೀಕ್ಷೆಗೆ ಶುಲ್ಕ 800. ಅದರಲ್ಲಿ ಪ್ರಮಾಣಪತ್ರದ ಹೆಸರಿನಲ್ಲಿ 300 ಸಂಘಕ್ಕೆ ಹೋಗುತ್ತದೆ, ರಸೀದಿ ಇಲ್ಲ. ಪರೀಕ್ಷಕನ ಪ್ರಯಾಣ, ಊಟಕ್ಕೆ ಸರಾಸರಿ 100. ಪಟ್ಟಿಯ ಬಟ್ಟೆಗೆ 60. ಮಾಸ್ಟರಿಗೆ ಉಳಿಯುವುದು 340. ಇಪ್ಪತ್ತು ಮಕ್ಕಳು ಕುಳಿತರೆ 6,800; ತಿಂಗಳಿಗೆ ಹಂಚಿದರೆ ಸುಮಾರು 2,270. ಅಂದರೆ ಅವನ ಮಳವಳ್ಳಿಯ ಸಂಪಾದನೆಯಲ್ಲಿ ಹತ್ತಿರ ಹತ್ತಿರ ಅರ್ಧ ಕಲಿಸಿದ್ದಕ್ಕೆ ಬರುವುದು, ಅರ್ಧ ಉತ್ತೀರ್ಣರಾಗಿಸಿದ್ದಕ್ಕೆ ಬರುವುದು. ತಿಂಗಳ ಹಣವನ್ನು ಬಾಕಿ ಇಡುವ ಪೋಷಕರೂ ಪರೀಕ್ಷೆಯ ಹಣವನ್ನು ಗಡುವಿಗೆ ಮುನ್ನವೇ ಕೊಡುತ್ತಾರೆಂಬುದು ನೋಟ್‌ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ವಿದ್ಯೆ ಕಣ್ಣಿಗೆ ಕಾಣುವುದಿಲ್ಲ, ಪಟ್ಟಿಯ ಬಣ್ಣ ನೆರೆಮನೆಯವರಿಗೂ ಕಾಣುತ್ತದೆ. ಹೀಗಿರುವಾಗ ಮಗು ಅನುತ್ತೀರ್ಣವಾಗುವುದು ಯಾರಿಗೆ ಬೇಕು? ಎರಡು ವರ್ಷಗಳ ಪುಟಗಳಲ್ಲಿ ಅನುತ್ತೀರ್ಣವಾದ ಮಗು ಒಂದೂ ನನಗೆ ಸಿಗಲಿಲ್ಲ. ತೂಕ ಮಾಡುವವನ ಕೂಲಿ ತೂಕ ಹೆಚ್ಚು ಬಂದಷ್ಟೂ ಏರುವಂತಿದ್ದರೆ ತಕ್ಕಡಿಯನ್ನು ನಂಬುವುದು ಹೇಗೆ?

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು ಮೊದಲಾದವು ಎಲ್ಲರಿಗೂ ತಿಳಿದವೇ. ಕೊನೆಯ ಎರಡು ನೇರವಾಗಿ ನಮ್ಮಂಥ ವ್ಯಾಪಾರಿಗಳ ಗಲ್ಲಾಪೆಟ್ಟಿಗೆಗೆ ಸಂಬಂಧಿಸಿದವು: ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಒಂದು, ಪ್ರತಿರೂಪಕ ವ್ಯವಹಾರ, ಎಂದರೆ ಅಸಲಿನಂತೆ ಕಾಣುವ ನಕಲನ್ನು ಅಸಲಿನ ಬೆಲೆಗೆ ಕೊಡುವುದು, ಇನ್ನೊಂದು. ತುಪ್ಪದಲ್ಲಿ ಡಾಲ್ಡಾ ಬೆರೆಸುವುದು, ಹಿತ್ತಾಳೆಗೆ ಚಿನ್ನದ ನೀರು ಕೊಡುವುದು ಎಂದು ಇದನ್ನು ನಮ್ಮ ಪಾಠಶಾಲೆಯಲ್ಲಿ ವಿವರಿಸುತ್ತಿದ್ದರು. ಸೀಟಿಗೆ ಉಪಯೋಗಕ್ಕೆ ಬಾರದ ಕಾಗದವನ್ನು ಉಪಯೋಗಕ್ಕೆ ಬರುತ್ತದೆಂಬ ಭಾವನೆ ಹುಟ್ಟುವಂತೆ ಅಚ್ಚು ಹಾಕಿಸಿ 300 ರೂಪಾಯಿಗೆ ಕೊಡುವುದು ಇದೇ ಅಲ್ಲದೆ ಬೇರೇನು? ಆ ತಾಯಿ ಕೊಟ್ಟ ಹಣವಂತೂ ಅಸಲಿಯೇ ಆಗಿತ್ತು.

ಕುತೂಹಲದ ಸಂಗತಿಯೆಂದರೆ ಈ ಮಾತನ್ನು ಆ ಕಲೆಯವರೇ ಹೇಳಿಕೊಂಡಿದ್ದಾರೆ. ಮಕ್ಕಳು ತರಗತಿಯಲ್ಲಿ ಐದು ತತ್ತ್ವಗಳನ್ನು ಹೇಳುತ್ತಾರೆ: ವಿನಯ, ಪ್ರಾಮಾಣಿಕತೆ, ಸಹನೆ, ಸಂಯಮ, ಸೋಲೊಪ್ಪದ ಮನೋಬಲ. ಇವುಗಳಲ್ಲಿ ಎರಡನೆಯದಕ್ಕೆ ಕೊರಿಯಾ ಭಾಷೆಯಲ್ಲಿ ಯೋಮ್ ಚಿ ಎನ್ನುತ್ತಾರೆ; ನಾಚಿಕೆಯ ಪ್ರಜ್ಞೆ ಎಂಬ ಅರ್ಥವೂ ಅದರಲ್ಲಿ ಅಡಗಿದೆ. ಚೋಯ್ ತಾನು ಬರೆದ ವಿಶ್ವಕೋಶದಲ್ಲಿ ಈ ತತ್ತ್ವಕ್ಕೆ ಯಾವುದರಿಂದ ಭಂಗ ಬರುತ್ತದೆಂಬುದಕ್ಕೆ ಕೆಲವು ದೃಷ್ಟಾಂತಗಳನ್ನು ಕೊಟ್ಟಿದ್ದಾನೆ. ದರ್ಜೆಯನ್ನು ಹಣ ಕೊಟ್ಟು ಪಡೆಯಲು ಯತ್ನಿಸುವ ಶಿಷ್ಯ, ಕೇವಲ ಲಾಭಕ್ಕಾಗಿ ಕಲೆಯನ್ನು ಹರಡುವ ಶಿಕ್ಷಕ ಇಬ್ಬರೂ ಆ ಪಟ್ಟಿಯಲ್ಲಿದ್ದಾರೆ. ಇದನ್ನು ಸಭೆಯಲ್ಲಿ ನಾನು ಹೇಳಿದಾಗ ಮಾಸ್ಟರು ತಲೆ ತಗ್ಗಿಸಿ ಕುಳಿತಿದ್ದು ಅನಂತರ ಹೀಗೆಂದನು: “ಅಂಕಲ್, ನನ್ನ ಕರಿಯ ಪಟ್ಟಿಯ ಮೇಲಿನ ದರ್ಜೆಗೂ ನಾನು ಅವರಿಗೆ ಹೀಗೆಯೇ ಕೊಟ್ಟಿದ್ದೇನೆ. ನನ್ನ ಹತ್ತಿರವೂ ರಸೀದಿ ಇಲ್ಲ.”

ಅಲ್ಲಿಗೆ ಸಭೆಯ ದನಿ ಬದಲಾಯಿತು. ಅವನನ್ನು ಕಳ್ಳನೆಂದು ಹೇಳಲು ಬಂದಿದ್ದ ಇಬ್ಬರು ಸುಮ್ಮನಾದರು. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅವನು ಚಿಲ್ಲರೆ ಅಂಗಡಿಯವನು. ಸಗಟು ವ್ಯಾಪಾರಿ ಬಿಲ್ಲು ಕೊಡದೆ ಮಾಲು ಇಳಿಸಿ ಹೋಗಿದ್ದಾನೆ. ಗಿರಾಕಿ ಬಂದು ಜಗಳವಾಡುವುದು ಚಿಲ್ಲರೆಯವನೊಡನೆ. ಹಾಗೆಂದು ಚಿಲ್ಲರೆಯವನ ಹೊಣೆ ತಪ್ಪುವುದಿಲ್ಲ. ಬಿಲ್ಲಿಲ್ಲದ ಮಾಲನ್ನು ಇಳಿಸಿಕೊಂಡವನು ಅವನೇ ತಾನೇ?

ಸಂಜೆಯವರೆಗೆ ಚರ್ಚಿಸಿ ಕೆಲವು ವಿಷಯಗಳನ್ನು ಒಪ್ಪಿಕೊಂಡೆವು. ತಿಂಗಳ ಶುಲ್ಕವನ್ನು 500ರಿಂದ 650ಕ್ಕೆ ಏರಿಸುವುದು; ಕೊಡಲಾಗದವರಿಗೆ ಬೆಳೆಯ ಹಣ ಬರುವ ತಿಂಗಳವರೆಗೆ ಸಮಯ ಕೊಡುವುದು. ಪರೀಕ್ಷೆಯ ಶುಲ್ಕದಲ್ಲಿ ಮಾಸ್ಟರಿಗೆ ಪಾಲೇ ಇರಕೂಡದು. ಬಟ್ಟೆ ಮತ್ತು ಪರೀಕ್ಷಕನ ವೆಚ್ಚ ಸೇರಿ 160 ರೂಪಾಯಿ ಮಾತ್ರ. ಅನುತ್ತೀರ್ಣವಾದ ಮಗು ಮತ್ತೊಮ್ಮೆ ಕುಳಿತಾಗ ಹಣ ತೆಗೆದುಕೊಳ್ಳಬಾರದು. ಸಂಘದ ಪ್ರಮಾಣಪತ್ರ ಬೇಕೆನ್ನುವವರು ಅದರ ಹಣವನ್ನು ಪ್ರತ್ಯೇಕವಾಗಿ, ಸಂಘದ ರಸೀದಿ ಪಡೆದೇ ಕೊಡಬೇಕು; ಅದಕ್ಕೆ ಮುನ್ನ ಆ ಕಾಗದ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲವೆಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕು. ವರ್ಗಾವಣೆ ಶುಲ್ಕವನ್ನು ಮಳವಳ್ಳಿಯವರು ಕೊಡುವುದಿಲ್ಲ. ಮಕ್ಕಳು ಈಗಿರುವ ಬಣ್ಣದಲ್ಲಿಯೇ ನಮ್ಮ ತರಗತಿಯಲ್ಲಿ ಮುಂದುವರಿಯುತ್ತಾರೆ.

650ರ ಮಾತು ಬಂದಾಗ ಮಂಡ್ಯದ ಒಬ್ಬರು ಎದ್ದು ಹೋದರು. ಪರೀಕ್ಷೆಗೆ 800 ಕೊಡಲು ಹಿಂಜರಿಯದಿದ್ದವರಿಗೆ ಪಾಠಕ್ಕೆ 150 ಹೆಚ್ಚು ಕೊಡುವುದು ಭಾರವಾಗಿ ಕಂಡಿತು. ಹೊಸ ಸಂಘವನ್ನು ಬಿಡಬೇಕೆಂಬ ಸಲಹೆಯನ್ನು ಮಾಸ್ಟರು ಒಪ್ಪಲಿಲ್ಲ. ಎಲ್ಲಿಯೂ ಸೇರದ ಶಿಕ್ಷಕನ ಮಕ್ಕಳನ್ನು ಯಾವ ಸ್ಪರ್ಧೆಗೂ ಕರೆಯುವುದಿಲ್ಲವೆಂಬ ಅವನ ಮಾತಿನಲ್ಲಿ ಸತ್ಯವಿತ್ತು; ನಾವು ಒತ್ತಾಯಿಸಲಿಲ್ಲ. ಮದ್ದೂರಿನ ಒಡಕು ಹಾಗೆಯೇ ಇದೆ. ಎರಡೂ ತರಗತಿಗಳ ಮಕ್ಕಳು ತಿಂಗಳಿಗೊಂದು ಭಾನುವಾರ ಒಟ್ಟಿಗೆ ಅಭ್ಯಾಸ ಮಾಡಲೆಂದು ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ.

ಆ ಹುಡುಗಿ ಮಳವಳ್ಳಿಯಲ್ಲಿಯೇ ಸಾಮಾನ್ಯ ಸೀಟಿನಲ್ಲಿ ಪಿ.ಯು.ಸಿ.ಗೆ ಸೇರಿದ್ದಾಳೆ. ಖಾಸಗಿ ಸಂಘಗಳ ಕಾಗದಕ್ಕೆ ಬೆಲೆ ಇಲ್ಲದಿದ್ದರೂ ಪದವಿಪೂರ್ವ ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ಟೇಕ್ವಾಂಡೋ ಇದೆಯೆಂದು ನಾನೇ ವಿಚಾರಿಸಿ ತಿಳಿಸಿದೆನು. ಕಾಲೇಜಿನ ಮೂಲಕವೇ ಹೋಗುವ ಆ ಸ್ಪರ್ಧೆಗೆ ಯಾವ ಸಂಘದ ಪಟ್ಟಿಯೂ ಬೇಡ. ಈಗ ಆಕೆ ವಾರಕ್ಕೆ ಮೂರು ಸಂಜೆ ಬಿಳಿಯ ಪಟ್ಟಿಯ ಚಿಕ್ಕ ಮಕ್ಕಳಿಗೆ ಹಾನಾ, ದುಲ್, ಸೆತ್ ಹೇಳಿಕೊಡುತ್ತಾಳೆ. ಅದಕ್ಕೆ ಪ್ರತಿಯಾಗಿ ಆಕೆಯಿಂದ ತಿಂಗಳ ಶುಲ್ಕವನ್ನು ಮಾಸ್ಟರು ತೆಗೆದುಕೊಳ್ಳುತ್ತಿಲ್ಲ. ತಾಯಿಗೆ ಮಾತ್ರ ಇದು ಸಮಾಧಾನವಿಲ್ಲ. ಹಾಲಿನ ಬಟವಾಡೆಯ ದಿನ ಬಂದು ಹಣವನ್ನು ಮೇಜಿನ ಮೇಲಿಡುತ್ತಾಳೆ, ಅವನು ಹಿಂದಿರುಗಿಸುತ್ತಾನೆ.

ಮಂಡ್ಯದ ಮುದ್ರಣಾಲಯವೊಂದರಲ್ಲಿ ಎರಡು ಪ್ರತಿಯ ರಸೀದಿ ಪುಸ್ತಕಗಳನ್ನು ಅಚ್ಚು ಹಾಕಿಸಿದ್ದೇವೆ. ಮೊದಲ ಪುಸ್ತಕದಲ್ಲಿ ಈವರೆಗೆ 31 ರಸೀದಿಗಳು ಹರಿದಿವೆ. ಕಳೆದ ಪರೀಕ್ಷೆಯಲ್ಲಿ ಮಳವಳ್ಳಿಯ ನಾಲ್ಕು ಮಕ್ಕಳು ಅನುತ್ತೀರ್ಣರಾದರು. ಅವರಲ್ಲಿ ಇಬ್ಬರ ತಂದೆಯರು ಮಕ್ಕಳನ್ನು ತರಗತಿಯಿಂದ ಬಿಡಿಸಿದರು, ಇಬ್ಬರು ಮರುಪರೀಕ್ಷೆಗೆ ಹೆಸರು ಕೊಟ್ಟಿದ್ದಾರೆ.